ಕೊಂಡವನದೋ, ಮಾಡಿದವನದೋ?

ಬ್ಯಾಡಗಿಯ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರಗಳ ಸಡಗರವನ್ನು ಕಂಡವರೇ ಬಲ್ಲರು. ಸುಗ್ಗಿಯ ದಿನಗಳಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮಿಕ್ಕಿದ ಮೆಣಸಿನಕಾಯಿ ಚೀಲಗಳು ಬಂದು ಬೀಳುವುದುಂಟು. ಪ್ರಾಂಗಣದ ತುಂಬ ಸುಕ್ಕುಗಟ್ಟಿದ ಕೆಂಪು ಕಾಯಿಗಳ ರಾಶಿ; ಮೂಗಿಗೆ ಬಟ್ಟೆ ಕಟ್ಟಿಕೊಂಡು ಅತ್ತಿಂದಿತ್ತ ಓಡಾಡುವ ಹಮಾಲರು; ದರ ಎಷ್ಟಕ್ಕೆ ನಿಂತೀತೆಂದು ಕಾದು ಕುಳಿತ ರೈತರು. ಹಿಂದೆ ಅಡತಿ ಅಂಗಡಿಯ ಗಾದಿಯ ಮೇಲೆ ಕೆಂಪು ಬಟ್ಟೆಯ ರಟ್ಟು ಹಾಕಿದ ಕಿರ್ದಿ ಪುಸ್ತಕವಿರುತ್ತಿತ್ತು. ಈಗ ಆ ಸ್ಥಾನದಲ್ಲಿ ಕಂಪ್ಯೂಟರ್ ವಿರಾಜಮಾನವಾಗಿದೆ. ಟೆಂಡರಿನ ದರ, ಚೀಲದ ತೂಕ, ರೈತನಿಗೆ ಸಲ್ಲಬೇಕಾದ ಹಣ, ಖರೀದಿದಾರನಿಂದ ಬರಬೇಕಾದ ಬಾಕಿ ಎಲ್ಲವೂ ಅದರ ಹೊಟ್ಟೆಯೊಳಗಿವೆ.

ಆ ಹೊಟ್ಟೆಯೊಳಗೆ ಲೆಕ್ಕವನ್ನು ನಿಜವಾಗಿ ಕಾದಿಡುವ ಅಂಗವೆಂದರೆ ಹಾರ್ಡ್ ಡಿಸ್ಕ್. ನಮ್ಮ ಹಿರಿಯರು ಕಂಡ ಗ್ರಾಮಾಫೋನನ್ನು ಒಮ್ಮೆ ನೆನಪಿಸಿಕೊಂಡರೆ ಇದರ ರಚನೆಯನ್ನು ಊಹಿಸುವುದು ಕಷ್ಟವಲ್ಲ. ಕಾಂತಲೇಪ ಹಚ್ಚಿದ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ, ಬರೆಯುವ ಮುಳ್ಳು ಸರಿದಾಡುತ್ತದೆ. ಗ್ರಾಮಾಫೋನಿನ ಮುಳ್ಳು ತಟ್ಟೆಯನ್ನು ಉಜ್ಜುತ್ತಿತ್ತು. ಇದು ಮುಟ್ಟುವುದೇ ಇಲ್ಲ. ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆಯಾದ ಗಾಳಿಯ ಪದರದ ಮೇಲೆ ತೇಲುತ್ತದೆ. ತಪ್ಪಿ ಮುಟ್ಟಿದರೆ ಅಂದಿಗೆ ಲೆಕ್ಕವೂ ಹೋಯಿತು, ಡಿಸ್ಕೂ ಹೋಯಿತು. ಇತ್ತೀಚಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯಿಲ್ಲ, ಇರುವುದೆಲ್ಲ ಚಿಪ್ಪುಗಳೇ. ಆದರೂ ಬರೆದು ಅಳಿಸಿ, ಬರೆದು ಅಳಿಸಿ ಅವೂ ಸವೆಯುತ್ತವೆ.

ಎಂದರೆ, ಇಡೀ ಕಂಪ್ಯೂಟರಿನಲ್ಲಿ ಇಂದಲ್ಲ ನಾಳೆ ಬದಲಿಸಲೇಬೇಕಾದ ಅಂಗಗಳಲ್ಲಿ ಇದು ಮುಖ್ಯವಾದದ್ದು. ಚಕ್ಕಡಿಯ ಅಚ್ಚಿನಂತೆ ಎನ್ನಬಹುದು. ಅಚ್ಚು ಮುರಿಯಿತೆಂದು ಯಾರೂ ಚಕ್ಕಡಿಯನ್ನು ಎಸೆಯುವುದಿಲ್ಲ. ಬಡಿಗನ ಮನೆಗೆ ಹೋಗುತ್ತಾರೆ. ಹಾವೇರಿ, ರಾಣೆಬೆನ್ನೂರುಗಳ ಬಜಾರದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡವರು ಬಹುಕಾಲ ಈ ಬಡಿಗನ ಕೆಲಸವನ್ನೇ ಮಾಡಿದರು. ಡಿಸ್ಕ್‌ಗಳ ಅಳತೆ ಜಗತ್ತಿಗೆಲ್ಲ ಒಂದೇ: ಮೂರೂವರೆ ಇಂಚು. ಜೋಡಿಸುವ ತಂತಿಯ ಕ್ರಮವೂ ಒಂದೇ: 2003ರಿಂದೀಚೆಗೆ ಬಳಕೆಗೆ ಬಂದ ಸಾಟಾ. ಇಂದು ಜಗತ್ತಿನಲ್ಲಿ ಈ ತಟ್ಟೆಯ ಡಿಸ್ಕ್‌ಗಳನ್ನು ಮಾಡುವ ದೊಡ್ಡ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮೂವರಲ್ಲಿ ಯಾರ ಡಿಸ್ಕ್ ತಂದರೂ ನಾಲ್ಕು ಸ್ಕ್ರೂ ಬಿಗಿದು, ಎರಡು ತಂತಿ ಸಿಕ್ಕಿಸಿದರೆ ಸಾಕು. ಕೆಲಸ ಅರ್ಧ ಗಂಟೆಯದು. ಕೂಲಿ ನಾಲ್ಕು ನೋಟಿನದು.

ಈ ಸರಳವಾದ ಕೆಲಸ ಕೆಲವು ಯಂತ್ರಗಳಲ್ಲಿ ಮೆಲ್ಲಮೆಲ್ಲನೆ ಕಷ್ಟವಾಗುತ್ತ ಬಂದಿದೆ. ಕೆಲವುಗಳಲ್ಲಿ ಆಗದ ಮಾತೇ ಆಗಿದೆ. ಬದಲಿಸಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಯಂತ್ರವನ್ನು ಮಾಡಿದವರು ಹಾಗೆ ಮಾಡಿದ್ದಾರೆ, ಅಷ್ಟೆ.

ಗಾಬರಿಯಾದ ಫ್ಯಾನು

ಇದರ ಪ್ರಸಿದ್ಧ ಉದಾಹರಣೆ 2011ರ ಐಮ್ಯಾಕ್. ಅಮೆರಿಕದ ಆಪಲ್ ಕಂಪನಿ ಮಾಡಿದ, ಪರದೆಯೂ ಯಂತ್ರವೂ ಒಂದರಲ್ಲೇ ಅಡಗಿರುವ ಮೇಜಿನ ಕಂಪ್ಯೂಟರ್ ಅದು. ಫೋಟೋ ಸ್ಟುಡಿಯೋಗಳೂ ಮುದ್ರಣದವರೂ ಮೆಚ್ಚಿಕೊಂಡ ಯಂತ್ರ. ಅದರೊಳಗಿನ ಡಿಸ್ಕ್ ಸೀಗೇಟ್ ಅಥವಾ ವೆಸ್ಟರ್ನ್ ಡಿಜಿಟಲ್‌ನದೇ, ಪೇಟೆಯಲ್ಲಿ ಸಿಗುವಂಥದೇ. ಆದರೆ ಡಿಸ್ಕ್‌ನ ಶಾಖವನ್ನು ಯಂತ್ರಕ್ಕೆ ತಿಳಿಸುವ ಕೆಲಸವನ್ನು ಆಪಲ್ ವಿದ್ಯುತ್ತಿನ ತಂತಿಗೇ ಒಪ್ಪಿಸಿತು. ಆ ತಂತಿಯ ಜೋಡಣೆಯೂ ಬೇರೆ, ಡಿಸ್ಕ್‌ನೊಳಗಿನ ತಂತ್ರಾಂಶವೂ ಆಪಲ್‌ಗಾಗಿಯೇ ಸಿದ್ಧಪಡಿಸಿದ್ದು. ಅಂಗಡಿಯಿಂದ ಅದೇ ಕಂಪನಿಯ, ಅದೇ ಗಾತ್ರದ ಡಿಸ್ಕ್ ತಂದು ಹಾಕಿದರೆ ಕಂಪ್ಯೂಟರ್ ಏಳುತ್ತಿತ್ತು, ಲೆಕ್ಕವನ್ನೂ ಬರೆಯುತ್ತಿತ್ತು. ಆದರೆ ಡಿಸ್ಕ್‌ನ ಶಾಖವೆಷ್ಟೆಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ತಿಳಿಯದಿದ್ದಾಗ ಅತ್ಯಂತ ಕೆಟ್ಟದ್ದನ್ನೇ ಊಹಿಸಿಕೊಂಡು ಒಳಗಿನ ಫ್ಯಾನನ್ನು ಪೂರ್ಣ ವೇಗದಲ್ಲಿ ತಿರುಗಿಸತೊಡಗುತ್ತಿತ್ತು. ಬೆಳಗಿನಿಂದ ರಾತ್ರಿಯವರೆಗೆ ಮೇಜಿನ ಮೇಲೆ ಒಂದೇ ಸಮನೆ ಗಿರಣಿಯ ಸದ್ದು! ಜೊತೆಗೆ, ಆಪಲ್‌ನ ತಪಾಸಣಾ ತಂತ್ರಾಂಶವನ್ನು ನಡೆಸಿದರೆ ಯಂತ್ರದಲ್ಲಿ ದೋಷವಿದೆಯೆಂಬ ಉತ್ತರ ಬರುತ್ತಿತ್ತು.

ಇದನ್ನು 2011ರಲ್ಲೇ ಅಮೆರಿಕದ ಅದರ್ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಬಿಡಿಭಾಗಗಳ ವ್ಯಾಪಾರಿ ಸಂಸ್ಥೆ ಪತ್ತೆಹಚ್ಚಿ ಬಹಿರಂಗಪಡಿಸಿತು. ಮುಂದೆ ಆ ಸಂಸ್ಥೆಯೇ ಶಾಖ ತಿಳಿಸುವ ಬದಲಿ ತಂತಿಯನ್ನು ಮಾಡಿ ಮಾರಿತು. ಫ್ಯಾನಿನ ವೇಗವನ್ನು ಹಿಡಿತದಲ್ಲಿಡುವ ತಂತ್ರಾಂಶಗಳನ್ನೂ ಕೆಲವರು ಬರೆದರು. ಮಾಡಿದವನು ಬೀಗ ಹಾಕಿದರೆ ಕೊಂಡವನು ಕಳ್ಳಗಿಂಡಿ ಹುಡುಕುವುದು ಲೋಕರೂಢಿ. ಆದರೆ ಅಮೆರಿಕದ ಗಿರಾಕಿಗೆ ಅಂಚೆಯಲ್ಲಿ ಬರುವ ತಂತಿ ರಾಣೆಬೆನ್ನೂರಿನ ಸ್ಟುಡಿಯೋದವನಿಗೆ ಅಷ್ಟು ಸುಲಭವಾಗಿ ಬರುವುದೇ?

ತಯಾರಕರ ಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ತೆಳ್ಳಗಿನ ಪೆಟ್ಟಿಗೆಯಲ್ಲಿ ಬಿಸಿಯಾಗುವ ಅಂಗಗಳನ್ನೆಲ್ಲ ತುರುಕಿದಾಗ ಶಾಖದ ಮೇಲೆ ಕಣ್ಣಿಡದೆ ವಿಧಿಯಿಲ್ಲ. ಶಾಖ ತಿಳಿಯದಾಗ ಫ್ಯಾನನ್ನು ಜೋರಾಗಿ ತಿರುಗಿಸುವುದು ಯಂತ್ರದ ರಕ್ಷಣೆಗೇ ಹೊರತು ಗಿರಾಕಿಯನ್ನು ಪೀಡಿಸಲಿಕ್ಕಲ್ಲ. ಇಷ್ಟನ್ನು ಒಪ್ಪೋಣ. ಆದರೆ ಡಿಸ್ಕ್‌ಗಳು ತಮ್ಮ ಆರೋಗ್ಯವನ್ನೂ ಶಾಖವನ್ನೂ ತಾವೇ ವರದಿ ಮಾಡುವ ಸ್ಮಾರ್ಟ್ ಎಂಬ ಸಾಮಾನ್ಯ ವಿಧಾನ ಆ ವೇಳೆಗಾಗಲೇ ಎಲ್ಲ ಕಂಪನಿಗಳ ಡಿಸ್ಕ್‌ಗಳಲ್ಲೂ ಬಳಕೆಯಲ್ಲಿತ್ತು. ಎಲ್ಲರೂ ನಡೆಯುವ ದಾರಿಯಿರುವಾಗ ತನ್ನದೇ ಸಂದಿಯನ್ನು ತೋಡಿಕೊಂಡದ್ದು ಅನಿವಾರ್ಯವೆಂದು ನಂಬುವುದು ಕಷ್ಟ.

ಮರುವರ್ಷ, ಎಂದರೆ 2012ರ ಮಾದರಿಯಲ್ಲಿ, ಅಯಸ್ಕಾಂತದಿಂದ ನಿಂತಿದ್ದ ಮುಂದಿನ ಗಾಜನ್ನು ಅಂಟಿನಿಂದ ಮೆತ್ತಿದರು. ಡಿಸ್ಕ್ ಮುಟ್ಟಬೇಕಾದರೆ ಮೊದಲು ಆ ಅಂಟನ್ನು ಕೊಯ್ದು ಗಾಜು ಬಿಡಿಸಬೇಕು. ಗಾಜು ಸೀಳಿದರೆ ಡಿಸ್ಕ್‌ಗಿಂತ ಹಲವು ಪಾಲು ಹೆಚ್ಚಿನ ನಷ್ಟ. ಯಾವ ರಿಪೇರಿಗಾರ ಈ ಹೊಣೆ ಹೊರುತ್ತಾನೆ? "ನಮ್ಮಿಂದ ಆಗೂದಿಲ್ರೀ ಸರ, ಕಂಪನಿಗೇ ಕಳಸ್ರಿ" ಎಂದು ಕೈಮುಗಿಯುತ್ತಾನೆ. ಕಂಪನಿಯ ಅಧಿಕೃತ ಸೇವಾಕೇಂದ್ರವೆಂದರೆ ಹಾವೇರಿಯವರಿಗೆ ಹುಬ್ಬಳ್ಳಿ, ರಾಣೆಬೆನ್ನೂರಿನವರಿಗೆ ದಾವಣಗೆರೆ. ಕೆಲವು ಯಂತ್ರಗಳಿಗಾದರೆ ಬೆಂಗಳೂರೇ ಗತಿ. ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಂತೆ ಕಂಪ್ಯೂಟರನ್ನು ಇಟ್ಟುಕೊಂಡು ಹೋಗಬೇಕು.

ಇದು ಒಂದೇ ಕಂಪನಿಯ ಪಾಡೆಂದು ಭಾವಿಸುವುದು ತಪ್ಪಾದೀತು. ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಡಿಸ್ಕ್ ಯಾವುದಾದರೂ ನಡೆಯುತ್ತದೆ. ಆದರೆ ಡಿಸ್ಕ್‌ಗೆ ವಿದ್ಯುತ್ತು ಬರುವುದು ಮದರ್‌ಬೋರ್ಡಿನಿಂದ, ಅದೂ ಆಯಾ ಕಂಪನಿಯ ಸ್ವಂತ ನಮೂನೆಯ ತಂತಿಯ ಮೂಲಕ. ಎರಡನೆಯ ಡಿಸ್ಕ್ ಕೂಡಿಸಲು ಹೋದಾಗ ಆ ಗೇಣುದ್ದದ ತಂತಿಗಾಗಿ ಊರೆಲ್ಲ ಅಲೆಯಬೇಕಾಗುತ್ತದೆ. ಮದುವೆಯ ಮನೆಯಲ್ಲಿ ಎಲ್ಲ ಸಿದ್ಧವಾಗಿ ಕಾಲುಂಗುರ ಮರೆತಂತೆ.

ಬೀಗ ಒಳ್ಳೆಯದೇ, ಕೀಲಿ ಯಾರಲ್ಲಿ?

ಫ್ಯಾನಿನ ಸದ್ದನ್ನಾದರೂ ಕಿವಿಗೆ ಹತ್ತಿ ಇಟ್ಟುಕೊಂಡು ಸಹಿಸಬಹುದು. ಮುಂದೆ ಬಂದದ್ದು ಇನ್ನೂ ಗಹನವಾದ ಸಂಗತಿ.

ಆಪಲ್ ಕಂಪನಿ 2017ರ ಐಮ್ಯಾಕ್ ಪ್ರೋ ಯಂತ್ರದಲ್ಲಿ ಟಿ2 ಎಂಬ ಚಿಪ್ಪನ್ನು ಅಳವಡಿಸಿತು. ಡಿಸ್ಕ್‌ನಲ್ಲಿ ಬರೆಯುವ ಪ್ರತಿಯೊಂದು ಅಕ್ಷರವೂ ಗೂಢಲಿಪಿಯಾಗಿ ಮಾರ್ಪಟ್ಟು ಕುಳಿತುಕೊಳ್ಳುತ್ತದೆ. ಆ ಗೂಢಲಿಪಿಯ ಕೀಲಿ ಚಿಪ್ಪಿನೊಳಗೇ ಇರುತ್ತದೆ. 2019ರ ಮ್ಯಾಕ್ ಪ್ರೋ ಯಂತ್ರದಲ್ಲಿ ಎಸ್‌ಎಸ್‌ಡಿಯ ಹಲಗೆಗಳನ್ನು ಕೈಯಿಂದ ಕಳಚಬಹುದು. ಆದರೆ ಹೊಸದನ್ನು ಹಾಕಿದೊಡನೆ ಯಂತ್ರ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಮತ್ತೊಂದು ಮ್ಯಾಕ್ ಕಂಪ್ಯೂಟರನ್ನು ತಂತಿಯಿಂದ ಜೋಡಿಸಿ, ಆಪಲ್‌ನ ತಂತ್ರಾಂಶದ ಮೂಲಕ ಹೊಸದಾಗಿ ಗಂಟುಹಾಕಬೇಕು. ಆಗ ಹಳೆಯದರಲ್ಲಿದ್ದುದು ಮರಳಿ ಬರುವುದಿಲ್ಲ.

ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಕಂಪ್ಯೂಟರ್ ಕಳುವಾದರೆ ಕಳ್ಳನಿಗೆ ಸಿಗುವುದು ಲೋಹ ಮಾತ್ರ. ಬ್ಯಾಂಕಿನ ಕಾಗದ, ಮನೆಯ ಹೆಣ್ಣುಮಕ್ಕಳ ಭಾವಚಿತ್ರ ಅವನ ಕೈಗೆ ಸಿಗವು. ಆದರೆ ಇದರ ಇನ್ನೊಂದು ಮುಖವನ್ನು ನೋಡಿ. ಹಿಂದೆ ಮದರ್‌ಬೋರ್ಡು ಸುಟ್ಟರೂ ಡಿಸ್ಕ್ ನೆಟ್ಟಗಿದ್ದರೆ ಹಾವೇರಿಯ ರಿಪೇರಿಗಾರ ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಇದ್ದುದನ್ನೆಲ್ಲ ಒಂದು ಗಂಟೆಯಲ್ಲಿ ಹೊರಗೆ ತೆಗೆದು ಕೊಡುತ್ತಿದ್ದ. ಈಗ ಕೀಲಿಯ ಚಿಪ್ಪು ಸುಟ್ಟಿತೆಂದರೆ, ಲೆಕ್ಕ ಬರೆದ ಚಿಪ್ಪು ಕ್ಷೇಮವಾಗಿದ್ದರೂ ಅದು ಓದಲಾಗದ ಶಾಸನ. ಪ್ರತಿ ತೆಗೆದಿಟ್ಟುಕೊಳ್ಳದವನಿಗೆ ಯಾವ ರಿಪೇರಿಗಾರನೂ ನೆರವಾಗಲಾರ. ಸೇವಾಕೇಂದ್ರಗಳೂ ದತ್ತಾಂಶದ ಹೊಣೆ ಗ್ರಾಹಕನದೇ ಎಂದು ರಸೀದಿಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುವುದು ವಾಡಿಕೆ.

ಒಂದು ಡಿಟಿಪಿ ಅಂಗಡಿಯನ್ನು ಊಹಿಸಿಕೊಳ್ಳಿ. ಹತ್ತು ಹದಿನೈದು ವರ್ಷಗಳಿಂದ ನುಡಿ, ಬರಹ ತಂತ್ರಾಂಶಗಳಲ್ಲಿ ಜೋಡಿಸಿದ ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು, ಶಾಲೆಯ ಪ್ರಶ್ನೆಪತ್ರಿಕೆಗಳು, ಊರಿನ ಹಿರಿಯರೊಬ್ಬರ ಅಭಿನಂದನ ಗ್ರಂಥದ ಪುಟಗಳು ಅದರಲ್ಲಿವೆ. ಒಂದೊಂದೂ ಬೆಲೆಯಿಲ್ಲದ ಕಾಗದವೇ ಇರಬಹುದು. ಒಟ್ಟಾಗಿ ಅದು ಒಂದು ಊರಿನ ನೆನಪು. ಇಂಥ ನೆನಪನ್ನು ಹೊರಗೆ ತೆಗೆಯಬಲ್ಲ ಕೈ ಅದೇ ಬೀದಿಯಲ್ಲಿದೆ, ಯಂತ್ರ ಮಾತ್ರ ಆ ಕೈಯನ್ನು ಒಳಗೆ ಬಿಡುವುದಿಲ್ಲ.

ವಿಂಡೋಸ್ ಬಳಸುವವರೂ ಇದರಿಂದ ಹೊರತಲ್ಲ. 2024ರ ವಿಂಡೋಸ್ 11 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಅದನ್ನು ಬಿಡಿಸುವ 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಉಳಿದಿರುತ್ತದೆ. ಇಲ್ಲಿ ಕೀಲಿ ಯಜಮಾನನಿಗೆ ಸಿಗುವಂತಿದೆ, ಅದು ಮೆಚ್ಚತಕ್ಕದ್ದು. ಆದರೆ ಆ ಖಾತೆಯನ್ನು ಮಾಡಿಕೊಟ್ಟವನು ಕಂಪ್ಯೂಟರ್ ಮಾರಿದ ಹುಡುಗನೋ, ಪರದೇಶದಲ್ಲಿರುವ ಅಳಿಯನೋ ಆಗಿದ್ದು, ಗುಪ್ತಪದ ಯಾರಿಗೂ ನೆನಪಿಲ್ಲದ ಮನೆಗಳೇ ಹೆಚ್ಚು.

ತೊಂಬತ್ತು ವರ್ಷದ ಹಳೆಯ ಜಗಳ

ಈ ವ್ಯಾಜ್ಯ ಹೊಸದೆಂದು ತೋರಬಹುದು. ಹಾಗಲ್ಲ. ಕಂಪ್ಯೂಟರ್ ಹುಟ್ಟುವ ಮುಂಚಿನಿಂದಲೂ ಇದೆ.

ಅಮೆರಿಕದ ಐಬಿಎಂ ಕಂಪನಿ ಆಗ ಲೆಕ್ಕದ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಬಾಡಿಗೆಯ ಕರಾರಿನಲ್ಲಿ ಒಂದು ಷರತ್ತು: ಯಂತ್ರಕ್ಕೆ ಉಣಿಸುವ ತೂತಿನ ರಟ್ಟಿನ ಕಾರ್ಡುಗಳನ್ನು ಐಬಿಎಂನಿಂದಲೇ ಕೊಳ್ಳತಕ್ಕದ್ದು. ಬೇರೆಯವರ ಕಾರ್ಡು ಒರಟಾಗಿದ್ದರೆ ಲೆಕ್ಕ ತಪ್ಪುತ್ತದೆ, ಯಂತ್ರದ ಹೆಸರು ಕೆಡುತ್ತದೆ ಎಂಬುದು ಕಂಪನಿಯ ಸಮರ್ಥನೆ. ಇಂದಿನ ತಯಾರಕರ ಬಾಯಲ್ಲಿ ಕೇಳುವ ಮಾತೇ ಅಲ್ಲವೆ? 1936ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸರ್ಕಾರ ತನ್ನ ಕಾರ್ಡುಗಳನ್ನು ತಾನೇ ಮಾಡಿಕೊಂಡು ಅದೇ ಯಂತ್ರಗಳಲ್ಲಿ ಚೆನ್ನಾಗಿಯೇ ಬಳಸುತ್ತಿದ್ದುದು ಎದುರಿಗಿತ್ತು. ಕಾರ್ಡು ಹೀಗೀಗಿರಬೇಕೆಂದು ಕಂಪನಿ ಅಳತೆ ಹೇಳಲಿ, ಎಚ್ಚರಿಕೆ ಕೊಡಲಿ. ನನ್ನಲ್ಲೇ ಕೊಳ್ಳಬೇಕೆಂದು ಕಟ್ಟುವಂತಿಲ್ಲ, ಇದು ತೀರ್ಪಿನ ಸಾರ. ಮುಂದೆ 1956ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯ ರಾಜಿಯಲ್ಲಿ, ಬಾಡಿಗೆಗೆ ಕೊಡುವ ಯಂತ್ರಗಳನ್ನು ಮಾರಲೂ ಸಿದ್ಧವಿರಬೇಕು, ಹೊರಗಿನ ರಿಪೇರಿಗಾರರಿಗೆ ಬಿಡಿಭಾಗವನ್ನೂ ಮಾಹಿತಿಯನ್ನೂ ಒದಗಿಸಬೇಕು ಎಂದು ಐಬಿಎಂ ಒಪ್ಪಿಕೊಳ್ಳಬೇಕಾಯಿತು.

ಅದೇ 1956ರ ಸೆಪ್ಟೆಂಬರಿನಲ್ಲಿ ಅದೇ ಐಬಿಎಂ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಕಂಪ್ಯೂಟರಾದ ರಾಮಾಕ್ ಅನ್ನು ಜನರ ಮುಂದಿಟ್ಟಿತು. ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೀರಿದ ತೂಕ, ತಿಂಗಳಿಗೆ 3,200 ಡಾಲರ್ ಬಾಡಿಗೆ. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋ ಹಾಕಿದರೆ ತುಂಬಿಹೋಗುತ್ತಿತ್ತು.

ಬಾಡಿಗೆಯ ಯಂತ್ರದ ಬಗೆಗೇ ನ್ಯಾಯಾಲಯ ಹಾಗೆ ಹೇಳಿತು. ನಾವು ಇಂದು ತರುವುದು ಪೂರ್ತಿ ಹಣ ತೆತ್ತು, ರಸೀದಿ ಹರಿಸಿಕೊಂಡ ಸ್ವಂತ ಯಂತ್ರವನ್ನು.

ಹಾವೇರಿ ಜಿಲ್ಲೆಯವರಿಗೆ ಈ ಪ್ರಶ್ನೆಯ ಮರ್ಮ ಬೇಗ ತಿಳಿಯುತ್ತದೆ. ಏಕೆಂದರೆ ಅವರು ಇದನ್ನು ಹೊಲದಲ್ಲಿ ಕಂಡವರು. ರಾಣೆಬೆನ್ನೂರಿನ ಸುತ್ತ ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜ ಬೆಳೆಯುವುದು ದೊಡ್ಡ ಕಸುಬು. ಹೂವಿನ ಕೇಸರವನ್ನು ಕೈಯಿಂದ ಬಿಡಿಸಿ, ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸಿ ಮಾಡುವ ನಾಜೂಕಿನ ಕೆಲಸ. ಆ ಬೀಜ ಒಂದು ಸಲ ಚೆನ್ನಾಗಿ ಬೆಳೆಯುತ್ತದೆ. ಅದರ ಕಾಯಿಯ ಬೀಜವನ್ನು ಮರುವರ್ಷ ಬಿತ್ತಿದರೆ ಮೊದಲಿನ ಗುಣ ಬರುವುದಿಲ್ಲ. ರೈತ ಮತ್ತೆ ಅಂಗಡಿಗೆ ಹೋಗಬೇಕು. ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳು ಹಾಗಲ್ಲ. ಒಳ್ಳೆಯ ಕಾಯಿಯನ್ನು ಆರಿಸಿ ಬೀಜಕ್ಕೆ ತೆಗೆದಿಡುವ ಪದ್ಧತಿಯಿಂದಲೇ ಅವು ಉಳಿದು ಬಂದವು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದವು.

ಹೈಬ್ರಿಡ್ ಬೀಜ ಮರುವರ್ಷ ಕೈಕೊಡುವುದು ಪ್ರಕೃತಿಯ ನಿಯಮ. ಪೇಟೆಯ ಡಿಸ್ಕನ್ನು ಯಂತ್ರ ಒಪ್ಪದಿರುವುದು ಮನುಷ್ಯ ಕುಳಿತು ಬರೆದ ನಿಯಮ. ಈ ವ್ಯತ್ಯಾಸ ಸಣ್ಣದಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ದೇಶದ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಕಂಪನಿ ನೋಂದಾಯಿಸಿದ ತಳಿಯ ಬೀಜವನ್ನು ಸಹ ರೈತ ತೆಗೆದಿಡಬಹುದು, ಮರಳಿ ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಕಂಪನಿಯ ಹೆಸರಿನ ಚೀಲದಲ್ಲಲ್ಲದೆ ಮಾರಲೂಬಹುದು ಎಂದು 39ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಹೊಲದ ಒಡೆಯನಿಗೆ ಇಷ್ಟನ್ನು ಬರೆದುಕೊಟ್ಟ ಶಾಸನ, ಮೇಜಿನ ಮೇಲಿನ ಯಂತ್ರದ ಒಡೆಯನಿಗೆ ಅಂಥ ಮಾತನ್ನು ಇನ್ನೂ ಬರೆದುಕೊಟ್ಟಿಲ್ಲ.

ಕಾರುಗಳ ವಿಷಯದಲ್ಲಿ ಒಂದು ಹೆಜ್ಜೆ ಮುಂದಾಗಿದೆ. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ದಂಡದ ಮೊತ್ತದ ಮೇಲೆ ಮೇಲ್ಮನವಿಗಳು ನಡೆದವು, ಅದು ಬೇರೆ ಮಾತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಆಗ ಹೆಸರಿಸಿದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ ಎಂಬ ನಾಲ್ಕು ವರ್ಗಗಳನ್ನು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಇರಲಿಲ್ಲ. ವಸ್ತುವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂದು ಅಂಕ ಕೊಟ್ಟು ಪೆಟ್ಟಿಗೆಯ ಮೇಲೆ ನಮೂದಿಸುವ ಯೋಜನೆಯ ವರದಿ 2025ರ ಮೇ ತಿಂಗಳಲ್ಲಿ ಸರ್ಕಾರದ ಕೈಸೇರಿತು. ಮೊದಲ ಹಂತಕ್ಕೆ ಆರಿಸಿಕೊಂಡದ್ದು ಸ್ಮಾರ್ಟ್‌ಫೋನು ಮತ್ತು ಟ್ಯಾಬ್ಲೆಟ್.

ಶಾಸನಕ್ಕಿಂತ ಗಿರಾಕಿಯ ಮುನಿಸು ಬೇಗ ಕೆಲಸ ಮಾಡಿದ ನಿದರ್ಶನವೂ ಇದೆ. ಹಲವು ಡಿಸ್ಕ್‌ಗಳನ್ನು ಒಂದೆಡೆ ಕೂಡಿಸಿ ಮನೆಯ, ಕಚೇರಿಯ ಕಡತಗಳನ್ನು ಕಾದಿಡುವ ಪೆಟ್ಟಿಗೆಗಳನ್ನು ತೈವಾನಿನ ಸೈನಾಲಜಿ ಕಂಪನಿ ಮಾಡುತ್ತದೆ. 2025ರ ಏಪ್ರಿಲಿನಲ್ಲಿ ಅದು, ತನ್ನ ಪ್ಲಸ್ ಶ್ರೇಣಿಯ ಹೊಸ ಪೆಟ್ಟಿಗೆಗಳಲ್ಲಿ ತನ್ನ ಮುದ್ರೆಯ ಅಥವಾ ತಾನು ಪ್ರಮಾಣೀಕರಿಸಿದ ಡಿಸ್ಕ್‌ಗಳು ಮಾತ್ರ ಪೂರ್ಣವಾಗಿ ಕೆಲಸ ಮಾಡುವುವೆಂದು ಸಾರಿತು. ಹಳೆಯ ಗಿರಾಕಿಗಳು ಸಿಟ್ಟಾದರು, ಹಲವರು ಬೇರೆ ಕಂಪನಿಗಳ ಕಡೆ ಮುಖಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ತಂತ್ರಾಂಶ ಬಿಡುಗಡೆಯಾದಾಗ ಮೇಜಿನ ಮಾದರಿಯ ಆ ಪೆಟ್ಟಿಗೆಗಳಲ್ಲಿ ಬೇರೆಯವರ ಡಿಸ್ಕ್‌ಗಳಿಗೂ ಪ್ರವೇಶ ಸಿಕ್ಕಿತು. ಬೀಗವನ್ನು ಹಾಕಿದ್ದೂ ತಂತ್ರಾಂಶವೇ, ತೆಗೆದದ್ದೂ ತಂತ್ರಾಂಶವೇ. ಡಿಸ್ಕ್‌ನಲ್ಲಿ ದೋಷವೇನೂ ಇರಲಿಲ್ಲವೆಂಬುದು ಇದರಿಂದ ತಾನಾಗಿ ಬಯಲಾಯಿತು.

ದೀಪಾವಳಿಯ ರಿಯಾಯಿತಿಯಲ್ಲಿ ಹೊಸ ಕಂಪ್ಯೂಟರ್ ಕೊಳ್ಳಬೇಕೆಂದಿರುವ ಗೃಹಸ್ಥರು ಬೆಲೆ ಕೇಳುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳಿತು. ಇದರ ಡಿಸ್ಕ್ ಬೋರ್ಡಿಗೆ ಬೆಸುಗೆಯಾಗಿದೆಯೋ, ಕಳಚಬಹುದೋ? ಕಳಚಬಹುದಾದರೆ ಪೇಟೆಯ ಯಾವ ಡಿಸ್ಕನ್ನಾದರೂ ಹಾಕಬಹುದೋ? ಹೊರಗಿನವರು ಬಿಚ್ಚಿದರೆ ವಾರಂಟಿ ಉಳಿಯುವುದೋ? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ರಸೀದಿಯ ಮೇಲೆ ಬರೆಸಿಕೊಳ್ಳಿ. ಅಂಗಡಿಯವನು ತಲೆ ಕೆರೆದುಕೊಂಡರೆ ನಿಮ್ಮೂರಿನ ರಿಪೇರಿಯವನನ್ನೇ ಕೇಳಿ. ಯಾವ ಯಂತ್ರ ಬಿಚ್ಚಿದರೆ ಒಳಗೆ ಏನಿದೆಯೆಂದು ಅವನಿಗೆ ಗೊತ್ತಿರುವಷ್ಟು ಮಾರುವವನಿಗೆ ಗೊತ್ತಿರುವುದಿಲ್ಲ. ಈಗಾಗಲೇ ಕೊಂಡವರು ಗೂಢಲಿಪಿಯ ಕೀಲಿಯನ್ನೂ ಖಾತೆಯ ಗುಪ್ತಪದವನ್ನೂ ಕಾಗದದಲ್ಲಿ ಬರೆದು, ಮನೆಯ ಹಕ್ಕುಪತ್ರವಿರುವ ಟ್ರಂಕಿನಲ್ಲಿ ಇಡಲಿ. ಅಂಗಡಿಯ ಲೆಕ್ಕ ಮತ್ತು ಮಕ್ಕಳ ಫೋಟೋಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿರಲಿ, ಆ ಡಿಸ್ಕ್ ಅದೇ ಮೇಜಿನ ಮೇಲೆ ಇರದಿರಲಿ. ಬ್ಯಾಡಗಿಯ ಅಡತಿಯವರಾದರೆ ಬುಧವಾರ ಮತ್ತು ಭಾನುವಾರದ ರಾತ್ರಿ, ಮರುದಿನದ ಚೀಲಗಳು ಬಂದು ಬೀಳುವ ಮುನ್ನ, ಈ ಪ್ರತಿ ತೆಗೆದು ಮುಗಿಸಬಹುದು.